“ಇದನ್ನು ಓದಿ ನೋಡಿ” ಎಂದವರು

ಎಂ.ಟೆಕ್. ಓದುವಾಗ ಶಿಫಾರಸು ತಂತ್ರಾಂಶಗಳ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ಆನ್‌ಲೈನ್ ಅಂಗಡಿಗಳಲ್ಲಿ “ಇದನ್ನು ಕೊಂಡವರು ಅದನ್ನೂ ಕೊಂಡಿದ್ದಾರೆ” ಎಂದು ತೋರಿಸುತ್ತದಲ್ಲ, ಅದೇ ವಿದ್ಯೆ. ಅದರ ಬೇರು ಹುಡುಕುತ್ತಾ ಹೋದಾಗ 1979ರ ಒಂದು ಲೇಖನ ಸಿಕ್ಕಿತು. ಬರೆದವರು ಅಮೆರಿಕದ ಎಲೇನ್ ರಿಚ್ ಎಂಬ ಮಹಿಳೆ. ಅವರು ರಚಿಸಿದ ‘ಗ್ರಂಡಿ’ ಎಂಬ ಪ್ರೋಗ್ರಾಂ ಗ್ರಂಥಪಾಲಕರ ಪಾತ್ರ ವಹಿಸಿ ಕಾದಂಬರಿಗಳನ್ನು ಸೂಚಿಸುತ್ತಿತ್ತು. ನೀವು ಎಂಥವರು ಎಂದು ಕೇಳಿಕೊಂಡು ಒಂದು ಪುಸ್ತಕ ಹೇಳುತ್ತಿತ್ತು. ಇಷ್ಟವಾಗದಿದ್ದರೆ ನಿಮ್ಮ ಬಗೆಗಿನ ತನ್ನ ಊಹೆಯನ್ನೇ ತಿದ್ದಿಕೊಳ್ಳುತ್ತಿತ್ತು.

ನನಗೆ ಥಟ್ಟನೆ ನೆನಪಾದದ್ದು ನಮ್ಮೂರಿನ ಲೈಬ್ರರಿ ಮೇಡಂ. “ತ್ರಿವೇಣಿ ಎಲ್ಲಾ ಮುಗೀತಾ? ಹಾಗಾದ್ರೆ ಎಂ.ಕೆ. ಇಂದಿರಾ ತಗೊಂಡು ಹೋಗು. ಹಿಡಿಸದಿದ್ರೆ ನಾಳೆನೇ ತಂದುಕೊಡು, ಮುಗಿಸ್ಲೇಬೇಕು ಅಂತೇನಿಲ್ಲ” ಎನ್ನುತ್ತಿದ್ದರು. ಅವರು ಗ್ರಂಡಿಯ ಹೆಸರು ಕೇಳಿರಲಿಕ್ಕಿಲ್ಲ. ಗ್ರಂಡಿ ಕಲಿತದ್ದು ಮಾತ್ರ ಅವರಂಥವರ ಕೆಲಸವನ್ನೇ.

ಆ ಕೆಲಸಕ್ಕೆ ನಮ್ಮ ದೇಶದಲ್ಲಿ ಒಂದು ಒಳ್ಳೆಯ ಇತಿಹಾಸವಿದೆ. ಬರೋಡಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಆದರೆ ಶಾಲೆ ಬಿಟ್ಟ ಮೇಲೆ ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಮರೆತೇ ಹೋಗುತ್ತದೆ. ಅದಕ್ಕಾಗಿ 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿದರು. ಕೇಂದ್ರ ಗ್ರಂಥಾಲಯದಲ್ಲಿ ಹೆಂಗಸರಿಗೆ ಬೇರೆ ವಿಭಾಗ, ಮಕ್ಕಳಿಗೆ ಬೇರೆ ಕೋಣೆ ಬಂದವು. ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳುಹಿಸುವ ಸಂಚಾರಿ ಗ್ರಂಥಾಲಯವೂ ಶುರುವಾಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆ ಪೆಟ್ಟಿಗೆ. ಎಂದೂ ನೋಡದ ಊರಿಗೆ, ಮುಖ ಕಾಣದ ಓದುಗರಿಗೆ ಯಾವ ಪುಸ್ತಕ ಇಡಬೇಕು, ಯಾವುದು ಬೇಡ ಎಂದು ಯಾರೋ ಕುಳಿತು ಆರಿಸಬೇಕಿತ್ತಲ್ಲ! ಮಗಳ ಮನೆಗೆ ಬುತ್ತಿ ಕಟ್ಟಿದ ಹಾಗೆ.

ಈ ಕೆಲಸಕ್ಕೆ ಶಾಸ್ತ್ರದ ಅಡಿಪಾಯ ಸಿಕ್ಕಿದ್ದು ನಾನಿರುವ ಚೆನ್ನೈನಲ್ಲೇ, ಆಗಿನ ಮದರಾಸಿನಲ್ಲಿ. ಎಸ್.ಆರ್. ರಂಗನಾಥನ್ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸಕ್ಕೆ ಸೇರಿ ಕೆಲವೇ ದಿನಗಳಲ್ಲಿ ಆ ಏಕಾಂತ ತಡೆಯಲಾರದೆ, ವಾಪಸು ಪಾಠ ಮಾಡಲು ಹೋಗುತ್ತೇನೆ ಎಂದರಂತೆ. ಮೊದಲು ಇಂಗ್ಲೆಂಡಿಗೆ ಹೋಗಿ ನೋಡಿಕೊಂಡು ಬನ್ನಿ, ಆಮೇಲೆ ತೀರ್ಮಾನಿಸೋಣ ಎಂದು ಕಳುಹಿಸಿದರು. ಅಲ್ಲಿ ಕ್ರಾಯ್ಡನ್ನಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಊರಿನ ಜನರೆಲ್ಲ ಬಂದು ಹೋಗುವುದನ್ನು ಕಂಡು ಮನಸ್ಸು ತಿರುಗಿತು. 1925ರಲ್ಲಿ ಮರಳಿದ ಮೇಲೆ ಅವರು ಮಾಡಿದ ದೊಡ್ಡ ಬದಲಾವಣೆ, ಓದುಗರು ನೇರವಾಗಿ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡಬಹುದು ಎಂಬುದು.

1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಎಂಜಿನಿಯರ್ ಆದ ನನಗೆ ಅವು ಬಹಳ ಹಿಡಿಸುತ್ತವೆ. ಒಂದೊಂದೂ ಒಂದೇ ಸಾಲು. ಎರಡನೆಯದು, ಪ್ರತಿಯೊಬ್ಬ ಓದುಗರಿಗೂ ಅವರ ಪುಸ್ತಕ. ಇದನ್ನು ವಿವರಿಸುವಾಗ ಬಡವರು, ಹಳ್ಳಿಯವರ ಜೊತೆಗೆ ಹೆಂಗಸರ ವಿಷಯವನ್ನೂ ಅವರು ಪ್ರತ್ಯೇಕವಾಗಿ ಎತ್ತಿಕೊಳ್ಳುತ್ತಾರೆ. ಹೆಣ್ಣಿಗೆ ಓದು ಯಾಕೆ ಎನ್ನುತ್ತಿದ್ದ ಕಾಲ ಅದು ಎಂಬುದನ್ನು ಮರೆಯಬಾರದು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಅಂದರೆ ಕಪಾಟಿನಲ್ಲಿ ಸುಮ್ಮನೆ ಕುಳಿತ ಪುಸ್ತಕಕ್ಕೆ ಬಾಯಿಲ್ಲ, ಅದರ ಪರವಾಗಿ ಸಿಬ್ಬಂದಿಯೇ ಮಾತಾಡಬೇಕು. ಓದುಗರ ಪಕ್ಕ ನಿಂತು, ಅವರಿಗೆ ಬೇಕಾದದ್ದು ಏನೆಂದು ಅವರ ಬಾಯಿಂದಲೇ ತಿಳಿದು, ಹುಡುಕಿಕೊಡುವುದು ಗ್ರಂಥಾಲಯದ ಮುಖ್ಯ ಕೆಲಸ ಎಂಬುದು ಅವರ ನಿಲುವು. ಬಿಡುವಿದ್ದಾಗ ಮಾಡುವ ಉಪಕಾರವಲ್ಲ. ಅದೇ 1931ರಲ್ಲಿ ಮನ್ನಾರ್‌ಗುಡಿಯ ಕಡೆ ಎತ್ತಿನ ಗಾಡಿಯಲ್ಲಿ ಹಳ್ಳಿಗಳಿಗೆ ಪುಸ್ತಕ ಹೊರಟಿತು.

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಅಲ್ಲೇ ತೀರಿಕೊಂಡರು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ನಮ್ಮೂರಿನ ಮೇಡಂ ಕುಳಿತಿದ್ದ ಮೇಜು ಆ ಕಾಯ್ದೆಯ ಫಲ.

ಹೊರನಾಡಿನ ನಮಗೆ ಇನ್ನೂ ಒಂದು ಕಾಯ್ದೆ ಮುಖ್ಯ, 1954ರದ್ದು. ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಕಳುಹಿಸಬೇಕು. ಚೆನ್ನೈನಲ್ಲಿ ಅದು 1896ರಲ್ಲಿ ತೆರೆದ ಕನ್ನೆಮರಾ. ಎಲ್ಲ ಪ್ರಕಾಶಕರೂ ತಪ್ಪದೆ ಕಳುಹಿಸುತ್ತಾರೆ ಎಂದಲ್ಲ. ಆದರೂ ಕನ್ನಡ ಪುಸ್ತಕ ಕಾನೂನಿನ ಪ್ರಕಾರವೇ ನಮ್ಮ ಊರುಗಳಿಗೆ ಬರುತ್ತದೆ ಎಂಬುದು ನನಗೆ ಹತ್ತು ವರ್ಷ ಇಲ್ಲಿದ್ದೂ ಗೊತ್ತಿರಲಿಲ್ಲ. ಪುಸ್ತಕ ಬಂದರಾಯಿತೇ? ಅದನ್ನು ತೆಗೆದು “ಇದನ್ನು ಓದಿ ನೋಡಿ” ಎನ್ನಲು ಕನ್ನಡ ಬಲ್ಲವರು ಬೇಕಲ್ಲ.

ಕಳೆದ ವರ್ಷ ನಗರದ ಇನ್ನೊಂದು ಗ್ರಂಥಾಲಯಕ್ಕೆ ಹೋಗಿ ಕನ್ನಡ ಕಾದಂಬರಿ ಕೇಳಿದೆ. ಅಲ್ಲಿನ ಹುಡುಗಿ ಮೂಲೆಯ ಎರಡು ಸಾಲು ತೋರಿಸಿ, “ನನಗೆ ಈ ಅಕ್ಷರ ಓದೋಕೆ ಬರಲ್ಲ ಅಕ್ಕಾ, ಇದರಲ್ಲಿ ಯಾವುದು ಚೆನ್ನಾಗಿದೆ?” ಎಂದು ತಮಿಳಿನಲ್ಲಿ ನನ್ನನ್ನೇ ಕೇಳಿದಳು. ನಾನು ಆರು ಪುಸ್ತಕ ತೆಗೆದು ಒಂದೊಂದರ ಕಥೆಯನ್ನೂ ಎರಡೆರಡು ಮಾತಿನಲ್ಲಿ ಹೇಳಿದೆ. ಅವಳು ಅದನ್ನೆಲ್ಲ ತಮಿಳು ಅಕ್ಷರದಲ್ಲಿ ಚೀಟಿಗಳ ಮೇಲೆ ಬರೆದುಕೊಂಡು ಪುಸ್ತಕಗಳೊಳಗೆ ಇಟ್ಟಳು. ಮೊನ್ನೆ ಮತ್ತೆ ಹೋದಾಗ ಆರರಲ್ಲಿ ಎರಡು ಸಾಲಿನಲ್ಲಿರಲಿಲ್ಲ. ಯಾರೋ ಎರವಲು ಒಯ್ದಿದ್ದರು.