ಮೂರರ ಪ್ರಶ್ನೆ



ನೀವು ರಂಗೋಲಿ ಎನ್ನುತ್ತೀರಿ, ಪಕ್ಕದ ಮನೆಯವರು ಮುಗ್ಗು ಎನ್ನುತ್ತಾರೆ. ಚುಕ್ಕಿಯ ಲೆಕ್ಕ ಮಾತ್ರ ಒಂದೇ. ನಾಲ್ಕು, ಮೂರು, ಎರಡು ಎಂದು ಇಟ್ಟುಕೊಂಡು ಬಂದರೆ ಕೊನೆಗೆ ಒಂದು ಎಂದು ಯಾರೂ ಹೇಳಿಕೊಡಬೇಕಿಲ್ಲ. ವಿಜ್ಞಾನಿಗಳೂ ಹೀಗೆಯೇ ಕಾಣದ ಕಣವೊಂದನ್ನು ಮೊದಲೇ ಗುರುತಿಸಿದರು. ಆ ಕಥೆಯ ಒಂದು ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. ಅದನ್ನು ಇಂದು ಕೇಳೋಣ.

ಪರಮಾಣುವಿನ ನಡುವೆ ಪ್ರೋಟಾನು, ನ್ಯೂಟ್ರಾನುಗಳಿವೆ. ಅವನ್ನು ಬಿಗಿಹಿಡಿದಿರುವುದು ಪ್ರಬಲ ಬಲ. 1952ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಪ್ರೋಟಾನಿಗೆ ಪೈಯಾನ್ ಎಂಬ ಕಣಗಳನ್ನು ಹಾಯಿಸಿ ನೋಡಿದಾಗ ಡೆಲ್ಟಾ ಎಂಬುದರ ಸುಳಿವು ಸಿಕ್ಕಿತು. ಅದು ಪ್ರೋಟಾನಿನ ಉತ್ತೇಜಿತ ಸ್ಥಿತಿ. ಪ್ರೋಟಾನಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಭಾರ. ಹುಟ್ಟಿದೊಡನೆಯೇ ಒಡೆದುಹೋಗುತ್ತದೆ. ಇಂಥ ಕಣಗಳು ಮೇಲಿಂದ ಮೇಲೆ ಸಿಗತೊಡಗಿದವು. ಇಷ್ಟೊಂದು ಏಕೆ ಎಂಬುದು ತಿಳಿಯಲಿಲ್ಲ.

1961ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಬೇಸಿಗೆ ಶಾಲೆ ನಡೆಸಿತು. ಅಮೆರಿಕದ ಮರ್ರೆ ಗೆಲ್‌ಮನ್ ಅಲ್ಲಿಗೆ ಬಂದು, ಕಣಗಳನ್ನು ಎಂಟೆಂಟರ ಗುಂಪಾಗಿ ಜೋಡಿಸುವ ತಮ್ಮ ಹೊಸ ಗಣಿತವನ್ನು ವಿವರಿಸಿದರು. ಸಭೆಯಲ್ಲಿದ್ದ ರಿಚರ್ಡ್ ಡಾಲಿಟ್ಜ್ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು: ಈ ಗಣಿತದ ತಳಪಾಯದಲ್ಲಿ ಮೂರರ ಗುಂಪು ಇದೆಯಲ್ಲ, ಅದನ್ನೇಕೆ ಬಿಟ್ಟಿರಿ? ಗೆಲ್‌ಮನ್ ನೇರವಾಗಿ ಉತ್ತರಿಸಲಿಲ್ಲ. ಅಂದು ಉತ್ತರ ಸಿಕ್ಕಿದ್ದರೆ ಕ್ವಾರ್ಕ್ ಬೆಂಗಳೂರಿನಲ್ಲೇ ಹುಟ್ಟುತ್ತಿತ್ತು ಎಂಬರ್ಥದ ಮಾತನ್ನು, ಅಲ್ಲಿ ಕೂತು ಕೇಳಿದ್ದ ಭೌತವಿಜ್ಞಾನಿ ಜಿ. ರಾಜಶೇಖರನ್ ಮುಂದೆ ಬರೆದರು.

ಅದೇ ಗಣಿತದಲ್ಲಿ ಹತ್ತರ ಗುಂಪೂ ಇತ್ತು. ನಾಲ್ಕು ಡೆಲ್ಟಾಗಳು, ಅವಕ್ಕಿಂತ ಭಾರವಾದ ಮೂರು, ಇನ್ನೂ ಭಾರವಾದ ಎರಡು. ತುದಿಯ ಚುಕ್ಕಿ ಮಾತ್ರ ಖಾಲಿ. ಅಲ್ಲಿರಬೇಕಾದ ಕಣದ ತೂಕವನ್ನು ಗೆಲ್‌ಮನ್ 1962ರಲ್ಲೇ ಹೇಳಿದರು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಆ ಒಮೆಗಾ ಕಣ ಸಿಕ್ಕಿತು.

ಅದೇ ವರ್ಷ ಗೆಲ್‌ಮನ್ ಮತ್ತು ಜಾರ್ಜ್ ಜ್ವೈಗ್ ಬೇರೆ ಬೇರೆಯಾಗಿ ಮೂರರ ಗುಟ್ಟನ್ನು ಬಿಡಿಸಿದರು. ಮೂರು ಬಗೆಯ ಕ್ವಾರ್ಕುಗಳಿವೆ, ಮೂರು ಕ್ವಾರ್ಕು ಕೂಡಿದರೆ ಒಂದು ಪ್ರೋಟಾನು ಎಂದರು. ಪ್ರಶ್ನೆ ಕೇಳಿದ್ದ ಡಾಲಿಟ್ಜ್ ಸುಮ್ಮನೆ ಕೂಡಲಿಲ್ಲ. ಒಳಗಿನ ಕ್ವಾರ್ಕುಗಳ ತಿರುಗಾಟ ಬದಲಾದರೆ ಅವೇ ಭಾರದ ಕಣಗಳಾಗಿ ಕಾಣುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದರು. ಒಂದೇ ತಂತಿ ಬೇರೆ ಬೇರೆ ಸ್ವರ ನುಡಿದಂತೆ.

ನಿಮ್ಮ ಮನೆಯ ಮಗು ಕನ್ನಡದಲ್ಲೋ ತೆಲುಗಿನಲ್ಲೋ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಗದರಬೇಡಿ. ಉತ್ತರ ಅಲ್ಲೇ ಇದ್ದೀತು.