ಶಿಗಾ ವಿಷ ಮತ್ತು ಎಸ್‌ಒಎಸ್ ಪ್ರತಿಕ್ರಿಯೆ

ಎಸ್‌ಒಎಸ್ ಪ್ರತಿಕ್ರಿಯೆ ಎಂಬುದು ಡಿಎನ್‌ಎಗೆ ಹಾನಿಯಾದಾಗ ಅದನ್ನು ಸರಿಪಡಿಸಿಕೊಳ್ಳಲು ಬ್ಯಾಕ್ಟೀರಿಯಾಗಳಲ್ಲಿ ಚಾಲನೆಗೊಳ್ಳುವ ತುರ್ತು ವ್ಯವಸ್ಥೆಯಾಗಿದೆ. ಶಿಗಾ ವಿಷವನ್ನು ತಯಾರಿಸುವ ಎಷರೀಶಿಯಾ ಕೋಲಿ ಅಥವಾ ಇ. ಕೋಲಿ ತಳಿಗಳಲ್ಲಿ ಇದೇ ವ್ಯವಸ್ಥೆಯು ವಿಷದ ಉತ್ಪಾದನೆ ಹಾಗೂ ಬಿಡುಗಡೆಗೂ ಕಾರಣವಾಗುತ್ತದೆ. ಆದ್ದರಿಂದ ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ನೀಡುವ ಕೆಲವು ಪ್ರತಿಜೀವಕ ಔಷಧಗಳು ರೋಗವನ್ನು ಉಲ್ಬಣಗೊಳಿಸುವ ಸಂಭವವಿದೆ.

ಹಿನ್ನೆಲೆ

ಜಪಾನಿನ ವಿಜ್ಞಾನಿ ಕಿಯೋಶಿ ಶಿಗಾ ಅವರು 1897ರಲ್ಲಿ ಆಮಶಂಕೆಯನ್ನುಂಟುಮಾಡುವ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಶಿಗೆಲ್ಲಾ ಎಂಬ ಕುಲಕ್ಕೂ ಶಿಗಾ ವಿಷಕ್ಕೂ ಅವರ ಹೆಸರನ್ನೇ ಇಡಲಾಗಿದೆ. 1982ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಲ್ಲಿ ರಕ್ತಮಿಶ್ರಿತ ಭೇದಿ ಕಾಣಿಸಿಕೊಂಡಾಗ ಇ. ಕೋಲಿ ಓ157:ಎಚ್7 ತಳಿಯು ರೋಗಕಾರಕವೆಂದು ತಿಳಿದುಬಂದಿತು. ದನಗಳ ಕರುಳು ಈ ತಳಿಯ ಮುಖ್ಯ ನೆಲೆಯಾಗಿದೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಕಾಳಿನ ಮೂಲಕ ಹರಡಿದ ಓ104:ಎಚ್4 ತಳಿಯಿಂದ 50ಕ್ಕೂ ಹೆಚ್ಚು ಜನರು ಮೃತಪಟ್ಟರು.

ವಿಷದ ಸ್ವರೂಪ

ಶಿಗಾ ವಿಷವು ಒಂದು 'ಎ' ಘಟಕ ಮತ್ತು ಐದು 'ಬಿ' ಘಟಕಗಳಿಂದ ಕೂಡಿದ ಪ್ರೋಟೀನ್. 'ಬಿ' ಘಟಕಗಳು ಜೀವಕೋಶದ ಹೊರಪೊರೆಯಲ್ಲಿರುವ ಜಿಬಿ3 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ. ಒಳಸೇರಿದ 'ಎ' ಘಟಕವು ರೈಬೋಸೋಮನ್ನು ಕೆಡಿಸಿ, ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳಲ್ಲಿ ಈ ಗ್ರಾಹಕವು ಹೆಚ್ಚಾಗಿರುವುದರಿಂದ ಅಲ್ಲಿಯೇ ಹಾನಿ ಅಧಿಕ. ಕೆಂಪು ರಕ್ತಕಣಗಳ ನಾಶ, ಪ್ಲೇಟ್‌ಲೆಟ್‌ಗಳ ಕೊರತೆ ಮತ್ತು ಮೂತ್ರಪಿಂಡದ ವೈಫಲ್ಯ ಒಟ್ಟಾಗಿ ಕಂಡುಬರುವ ಈ ಸ್ಥಿತಿಯನ್ನು ಹೀಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಎನ್ನುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು.

ಕಾರ್ಯವಿಧಾನ

ಇ. ಕೋಲಿಯಲ್ಲಿ ಶಿಗಾ ವಿಷದ ಜೀನ್ ಇರುವುದು ಬ್ಯಾಕ್ಟೀರಿಯಾದ ಸ್ವಂತ ಜೀನ್‌ಗಳ ನಡುವೆ ಅಲ್ಲ. ಅದರ ಡಿಎನ್‌ಎಯಲ್ಲಿ ಸೇರಿಕೊಂಡು ಸುಪ್ತವಾಗಿರುವ ವೈರಸ್‌ನಲ್ಲಿ. ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ಇಂತಹ ವೈರಸ್‌ಗಳಿಗೆ ಫೇಜ್ ಎಂದೂ, ಅವುಗಳ ಸುಪ್ತರೂಪಕ್ಕೆ ಪ್ರೊಫೇಜ್ ಎಂದೂ ಹೆಸರು. ಸಾಮಾನ್ಯ ಸ್ಥಿತಿಯಲ್ಲಿ 'ಸಿಐ' ಎಂಬ ನಿರೋಧಕ ಪ್ರೋಟೀನ್ ಪ್ರೊಫೇಜ್‌ನ ಜೀನ್‌ಗಳನ್ನು ಅದುಮಿಟ್ಟಿರುತ್ತದೆ.

ಡಿಎನ್‌ಎಗೆ ಹಾನಿಯಾದಾಗ ರೆಕ್‌ಎ ಪ್ರೋಟೀನ್ ಒಂಟಿ ಎಳೆಯ ಡಿಎನ್‌ಎಗೆ ಸುತ್ತಿಕೊಂಡು ಸಕ್ರಿಯವಾಗುತ್ತದೆ. ಅದರ ಪ್ರಚೋದನೆಯಿಂದ ಲೆಕ್ಸ್‌ಎ ಎಂಬ ನಿರೋಧಕವು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ; ಆಗ ದುರಸ್ತಿಯ ಜೀನ್‌ಗಳು ಕೆಲಸ ಆರಂಭಿಸುತ್ತವೆ. ಸಿಐ ಕೂಡ ಇದೇ ರೀತಿ ತುಂಡಾಗುವುದರಿಂದ ಪ್ರೊಫೇಜ್ ಎಚ್ಚರಗೊಂಡು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಜೊತೆಗೆ ವಿಷದ ಜೀನ್ ಸಹ ಕಾರ್ಯನಿರತವಾಗುತ್ತದೆ. ಕೊನೆಗೆ ಫೇಜ್ ಬ್ಯಾಕ್ಟೀರಿಯಾವನ್ನು ಒಡೆದಾಗ ವಿಷವು ಹೊರಬೀಳುತ್ತದೆ. ಹೀಗೆ ವಿಷವನ್ನು ಬಿಡುಗಡೆ ಮಾಡುವ ಬ್ಯಾಕ್ಟೀರಿಯಾ ತಾನೂ ಸಾಯುತ್ತದೆ. ಹೊರಬಂದ ಫೇಜ್‌ಗಳು ಕರುಳಿನ ನಿರುಪದ್ರವಿ ಇ. ಕೋಲಿಗಳಿಗೆ ಸೋಂಕು ತಗಲಿಸಿ, ವಿಷದ ಪ್ರಮಾಣವನ್ನು ಹೆಚ್ಚಿಸಬಲ್ಲವು.

ಪ್ರಚೋದಕಗಳು

ಸಿಪ್ರೊಫ್ಲಾಕ್ಸಸಿನ್‌ನಂತಹ ಔಷಧಗಳು, ಮೈಟೊಮೈಸಿನ್ ಸಿ, ನೇರಳಾತೀತ ಕಿರಣಗಳು ಹಾಗೂ ದೇಹದ ಬಿಳಿ ರಕ್ತಕಣಗಳು ಹೊರಸೂಸುವ ಹೈಡ್ರೋಜನ್ ಪೆರಾಕ್ಸೈಡ್ ಪ್ರೊಫೇಜ್‌ಗಳನ್ನು ಎಚ್ಚರಿಸುತ್ತವೆ. ಶಿಗಾ ವಿಷದ ಮೊದಲ ಬಗೆಯ ಉತ್ಪಾದನೆಯು ಕಬ್ಬಿಣದ ಕೊರತೆಯಿಂದಲೂ ಹೆಚ್ಚುತ್ತದೆ. ಒತ್ತಡಕ್ಕೂ ವಿಷಕ್ಕೂ ಇರುವ ನಂಟು ಇತರ ರೋಗಕಾರಕಗಳಲ್ಲಿಯೂ ಇದೆ: ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಪೋಷಕಾಂಶಗಳು ಕಡಿಮೆಯಾದಾಗ ವಿಷೋತ್ಪಾದನೆಯನ್ನು ಹೆಚ್ಚಿಸುತ್ತದೆ.

ಚಿಕಿತ್ಸೆಯ ಮೇಲಿನ ಪರಿಣಾಮ

ಓ157:ಎಚ್7 ಸೋಂಕಿತ ಮಕ್ಕಳಲ್ಲಿ ಪ್ರತಿಜೀವಕ ಪಡೆದವರಿಗೆ ಮೂತ್ರಪಿಂಡದ ತೊಡಕಿನ ಅಪಾಯ ಅಧಿಕವೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆದಕಾರಣ ಈ ಸೋಂಕಿನಲ್ಲಿ ಸಾಮಾನ್ಯವಾಗಿ ಪ್ರತಿಜೀವಕಗಳನ್ನು ನೀಡುವುದಿಲ್ಲ. ದ್ರವಪೂರಣ ಮತ್ತು ಮೂತ್ರಪಿಂಡದ ನಿಗಾ ಚಿಕಿತ್ಸೆಯ ಆಧಾರವಾಗಿವೆ. ಎಲ್ಲ ಪ್ರತಿಜೀವಕಗಳ ಪರಿಣಾಮವೂ ಒಂದೇ ಅಲ್ಲ. ಡಿಎನ್‌ಎಗೆ ಧಕ್ಕೆ ಮಾಡದೆ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಅಜಿತ್ರೋಮೈಸಿನ್ ಪಡೆದ ರೋಗಿಗಳ ಮಲದಲ್ಲಿ ಬ್ಯಾಕ್ಟೀರಿಯಾಗಳು ಬೇಗನೆ ಮರೆಯಾದುದು ಜರ್ಮನಿಯ ಪಿಡುಗಿನ ನಂತರ ಕಂಡುಬಂದಿತು.