ಹರಿಹರ–ದಾವಣಗೆರೆ ಸೀಮೆಯ ದಾರಿಗಳು: ಹೇರೆತ್ತಿನಿಂದ ಬೈಸಿಕಲ್ಲಿನವರೆಗೆ

ದಾವಣಗೆರೆ, ಹರಿಹರಗಳೆಂಬ ಎರಡು ಪಟ್ಟಣಗಳು ಸುಮಾರು 14 ಕಿಲೋಮೀಟರುಗಳ ಅಂತರದಲ್ಲಿ ಒಂದೇ ಹೆದ್ದಾರಿಯ ಮೇಲೆ ನೆಲೆಗೊಂಡಿರುವುದರಿಂದ, ಈ ಸೀಮೆಯ ಮಾರ್ಗಚರಿತ್ರೆಯೆಂದರೆ ಆ ಹೆದ್ದಾರಿಯ ಚರಿತ್ರೆಯೇ ಎಂದು ಭಾವಿಸುವುದು ವಾಡಿಕೆಯಾಗಿದೆ. 1868ರಲ್ಲಿ ತುಂಗಭದ್ರೆಗೆ ಸೇತುವೆಯಾಯಿತು; 1889ರಲ್ಲಿ ರೈಲು ಬಂದಿತು; ಊರುಗಳು ಬೆಳೆದುವು; ಇಷ್ಟರಲ್ಲಿ ಕಥೆ ಮುಗಿದುಹೋಗುತ್ತದೆ. ಆದರೆ ಈ ಊರುಗಳಿಂದ ಬೈಸಿಕಲ್ಲೇರಿ ಹೊರಡುವವನಿಗೆ ಒದಗುವ ದಾರಿಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದರೆ ಬೇರೊಂದು ಚಿತ್ರವೇ ಕಾಣುವುದು. ಅಣಜಿ, ಉಚ್ಚಂಗಿದುರ್ಗ, ಸಂತೆಬೆನ್ನೂರು, ಸೂಳೆಕೆರೆ ಇವೆಲ್ಲವೂ ಹೆದ್ದಾರಿಯಿಂದ ಸರಿದು ನಿಂತ ಸ್ಥಳಗಳು. ನಾಡಿನ ಪೂರ್ವಚರಿತ್ರೆಯಲ್ಲಿಯಾದರೋ ಇವೇ ಪ್ರಧಾನವಾದುವು. ಹೆದ್ದಾರಿಯು ಈ ಸೀಮೆಯ ಸಂಚಾರವನ್ನು ಹುಟ್ಟಿಸಲಿಲ್ಲ, ಅದರ ದಿಕ್ಕನ್ನು ಮಾತ್ರ ತಿರುಗಿಸಿತೆಂಬುದಕ್ಕೆ ಈ ಅಡ್ಡದಾರಿಗಳೇ ಸಾಕ್ಷಿಯಾಗಿವೆ.

ಭೂಮಿಯ ಸ್ವರೂಪವನ್ನು ಮೊದಲು ತಿಳಿಯಬೇಕು. ದಾವಣಗೆರೆಯಿಂದ ತುಂಗಭದ್ರೆಯ ಕಡೆಗೆ ಎರೆಯ ಬಯಲು ಇಳಿಯುತ್ತ ಹೋಗುವುದು. ದಕ್ಷಿಣದ ಚನ್ನಗಿರಿಯ ಕಡೆಗೆ ಗುಡ್ಡಗಳು ಎದ್ದಿವೆ. ಬಯಲಿನ ನಡುವೆಯೂ ಬಾತಿಯ ಗುಡ್ಡ, ಕೊಂಡಜ್ಜಿಯ ಗುಡ್ಡಗಳಂತಹವು ಒಂಟಿಯಾಗಿ ತಲೆಯೆತ್ತಿರುವುವು. ಮಳೆಗಾಲದಲ್ಲಿ ಎರೆಯ ನೆಲವು ಚಕ್ರಕ್ಕೆ ಬದ್ಧವೈರಿ. ಹೇರೆತ್ತು ಹೇಗಾದರೂ ಕಾಲೂರಿ ದಾಟೀತು, ಗಾಡಿ ದಾಟದು. ಗುಡ್ಡದಲ್ಲಿಯೂ ಹಾಗೆಯೇ: ಎತ್ತು ಕಡಿದಾದ ಏರನ್ನು ಹತ್ತಬಲ್ಲುದು, ಚಕ್ರವು ಸುತ್ತಾದರೂ ಸರಿ, ಮೆಲ್ಲನೆ ಏರುವ ಕಣಿವೆಯನ್ನು ಬಯಸುವುದು. ಈ ವಿಷಯದಲ್ಲಿ ಕಮಾನಿನ ಗಾಡಿಗೂ ಬೈಸಿಕಲ್ಲಿಗೂ ಭೇದವಿಲ್ಲ. ಆದಕಾರಣ ಸವಾರನ ಮೊಣಕಾಲು ಒಪ್ಪುವ ದಾರಿಯು ಹಳೆಯ ಗಾಡಿಯ ಜಾಡೇ ಆಗಿರುವುದು ಆಶ್ಚರ್ಯವಲ್ಲ.

ಮೊದಲು ಈಶಾನ್ಯದ ದಾರಿ. ಅಣಜಿಯ ಶಾಸನವು ಕದಂಬರ ಕಾಲದ್ದು. ನಣಕ್ಕಾಸ ಪಲ್ಲವನೊಡನೆ ನಡೆದ ಯುದ್ಧದಲ್ಲಿ ಕೃಷ್ಣವರ್ಮರಾಜನ ಸೈನ್ಯವು ಭಂಗಹೊಂದಿದುದನ್ನೂ, ಆ ಬಳಿಕ ಶಿವನಂದವರ್ಮನು ದರ್ಭಶಯನದಲ್ಲಿ ಪ್ರಾಣವನ್ನು ಬಿಡಲು ನಿಶ್ಚಯಿಸಿದುದನ್ನೂ ಅದು ತಿಳಿಸುವುದು. ದಂಡುಗಳು ಕೂಡಿದ ಎಡೆಯಲ್ಲಿ ದಾರಿಯೂ ಇದ್ದಿರಲೇಬೇಕು. ಅಲ್ಲಿಂದ ಮುಂದಣ ಉಚ್ಚಂಗಿಯು ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ. ಹೊಯ್ಸಳ ಇಮ್ಮಡಿ ಬಲ್ಲಾಳನು ಅದನ್ನು ಹಿಡಿದುದರಿಂದಲೇ ಗಿರಿದುರ್ಗಮಲ್ಲನೆಂಬ ಬಿರುದನ್ನು ತಳೆದನೆಂದು ಹೇಳುವರು. ರಾಜಧಾನಿ ಅಳಿದರೂ ಬೆಟ್ಟದ ಮೇಲಣ ಉಚ್ಚಂಗಮ್ಮನ ಜಾತ್ರೆ ಉಳಿಯಿತು. ಯುಗಾದಿಯ ಹೊತ್ತಿನಲ್ಲಿ ಬರುವ ಭಕ್ತರ ಕಾಲ್ನಡಿಗೆಯಿಂದ ದಾರಿಯೂ ಉಳಿಯಿತು.

ಈ ದಾರಿಗೆ ಬಂದೊದಗಿದ ವಿಘ್ನವು ಗುಡ್ಡವಲ್ಲ, ಗಡಿ. ಹರಿಹರದ ಹೊಳೆಯಾಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಉಚ್ಚಂಗಿಯ ಕಡೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ನಡುವೆ ಮೈಸೂರು ಸಂಸ್ಥಾನದ ತುದಿ. ಹೀಗೆ ಒಂದು ದಿನದ ಗಾಡಿಪ್ರಯಾಣದೊಳಗೆ ಮೂರು ಸರ್ಕಾರಗಳು ಕೂಡುತ್ತಿದ್ದುವು. ರಾಜಧಾನಿಗಳನ್ನು ಕೂಡಿಸುವ ರಸ್ತೆಗೆ ದೊರೆತ ಹಣವೂ ಗಮನವೂ ಗಡಿಯ ಹಳ್ಳಿಗಳನ್ನು ಕೂಡಿಸುವ ರಸ್ತೆಗೆ ದೊರೆಯದಿದ್ದುದು ಸಹಜವೇ ಸರಿ. 1953ರ ಅಕ್ಟೋಬರ್ 1ರಂದು ಬಳ್ಳಾರಿಯೂ 1956ರ ನವೆಂಬರ್ 1ರಂದು ಧಾರವಾಡವೂ ಮೈಸೂರಿನೊಡನೆ ಕೂಡಿದ ಮೇಲೆ ಆ ಗಡಿ ಅಳಿಯಿತು. ಆದರೂ ಉಚ್ಚಂಗಿದುರ್ಗವನ್ನೊಳಗೊಂಡ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ದುರ್ಗವು ಕದಲಲಿಲ್ಲ, ಹೆಸರುಪಟ್ಟಿಗಳು ಕದಲಿದುವು.

ದಕ್ಷಿಣದ ದಾರಿಯು ಇದಕ್ಕಿಂತ ಸ್ವಾರಸ್ಯವುಳ್ಳದ್ದು. ಅದು ನೀರಿನ ಬೆನ್ನುಹಿಡಿದುದು. ಹರಿಹರಕ್ಕೆ ಶಾಸನಗಳಲ್ಲಿ ಕೂಡಲೂರೆಂಬ ಹೆಸರುಂಟು. ಹರಿದ್ರಾನದಿಯು ತುಂಗಭದ್ರೆಯನ್ನು ಕೂಡುವ ಸ್ಥಳವಾದುದರಿಂದ ಆ ಹೆಸರು ಸಾರ್ಥಕವಾಗಿದೆ. 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ಇಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. ವಿಜಯನಗರದ ಕಾಲದಲ್ಲಿ, 1410ರಲ್ಲಿ, ಹರಿದ್ರೆಗೆ ಅಣೆಕಟ್ಟನ್ನು ಕಟ್ಟಿ ಕಾಲುವೆಯನ್ನು ತಂದರು. ಅದು ಒಡೆದುಹೋಗಲು 1424ರಲ್ಲಿ ಮತ್ತೆ ಕಟ್ಟಿದರು. ಕಾಲುವೆಯೆಂದರೆ ಇಳುಕಲನ್ನು ಅಳೆದು ತೋಡಿದ ಗೆರೆ; ಅದರ ಏರಿಯ ಮೇಲೆ ನಡೆದವನಿಗೆ ಏರಿಳಿತಗಳ ಶ್ರಮವಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಭದ್ರಾ ನಾಲೆಯು ಈ ಸೀಮೆಗೆ ಬಂದಾಗ ಅದರ ದಡದ ದಾರಿಗೂ ಇದೇ ಗುಣ ಬಂದಿತು. ಗದ್ದೆಗಳ ನಡುವೆ ಬೈಸಿಕಲ್ಲು ಹೂಡುವವನು ನಾಲೆಯ ದಡವನ್ನೇಕೆ ಹಿಡಿಯುವನೆಂದು ಕೇಳಬೇಕಾಗಿಲ್ಲ. ನೀರು ತನ್ನ ಭಾರದಿಂದ ಹರಿಯುವಷ್ಟೇ ಇಳುಕಲು ಅಲ್ಲಿರುವುದು.

ಹರಿದ್ರೆಯನ್ನು ಹಿಡಿದು ಮೇಲಕ್ಕೆ ಹೋದರೆ ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಂಡಿಯನ್ನು ಕಟ್ಟಿ ಇಷ್ಟು ವಿಸ್ತಾರವಾದ ಜಲರಾಶಿಯನ್ನು ನಿಲ್ಲಿಸಿದ ಜಾಣ್ಮೆ ಎಂಜಿನಿಯರುಗಳಿಗೂ ಮೆಚ್ಚಿಗೆಯಾದುದು. ಶಾಂತವ್ವೆಯೆಂಬಾಕೆ ಕಟ್ಟಿಸಿದಳೆಂಬುದು ಜನರ ಐತಿಹ್ಯ. ಶಾಂತಿಸಾಗರವೆಂಬ ಹೆಸರೂ ಇದೆ. ಸಮೀಪದ ಸಂತೆಬೆನ್ನೂರಿನ ಹೆಸರಿನಲ್ಲಿಯೇ ಸಂತೆ ಕುಳಿತಿದೆ. ಹನುಮಪ್ಪನಾಯಕನ ಪುಷ್ಕರಿಣಿಯೂ ಅದರ ಮುಂದೆ ರಣದುಲ್ಲಾಖಾನನ ಕಾಲದ ಮುಸಾಫಿರಖಾನೆಯೂ ಅಲ್ಲಿವೆ. ಪುಷ್ಕರಿಣಿಯ ಮಂಟಪವನ್ನು ಕೊಂಡಾಡುವ ಬರಹಗಳು ಹೇರಳ. ಎದುರಿನ ಕಟ್ಟಡಕ್ಕೆ ಮುಸಾಫಿರರ ಹೆಸರೇಕೆ ನಿಂತಿತೆಂಬುದನ್ನು ಯೋಚಿಸುವವರು ವಿರಳ. ದಾರಿಹೋಕರು ಬಾರದ ಊರಿನಲ್ಲಿ ಅಂತಹ ಹೆಸರು ನಿಲ್ಲಲಾರದು.

ಇನ್ನು ದಾವಣಗೆರೆಯ ಉತ್ಪತ್ತಿಯ ಪ್ರಶ್ನೆ. ಇದು ರೈಲಿನ ಕೂಸೆಂಬ ಮಾತು ಕೇಳಿಬರುವುದುಂಟು. ಆ ಮಾತು ನಿಲ್ಲುವಂತಿಲ್ಲ. ಮೊದಲು ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. 1801ರಲ್ಲಿ ಬುಕಾನನ್ನನು ಈ ದಾರಿಯಾಗಿ ಬಂದಾಗ ಪೇಟೆ ಆಗಲೇ ಇದ್ದಿತು, ಕಂಬಳಿಗಳು ಹೆಸರಾಗಿದ್ದುವು. ಮಲೆನಾಡಿನ ಅಡಕೆ, ಮೆಣಸುಗಳು ಪಶ್ಚಿಮದಿಂದ ಬಂದು ಪೂರ್ವದ ವಾಲಾಜಾಪೇಟೆಗೆ ಹೋಗುತ್ತಿದ್ದುವು. ಅಲ್ಲಿಂದ ಜವಳಿಯೂ ಉಪ್ಪೂ ಬರುತ್ತಿದ್ದುವು. ಈ ವ್ಯಾಪಾರದ ಬಹುಭಾಗವು ವೀರಶೈವ ವರ್ತಕರ ಕೈಯಲ್ಲಿದ್ದಿತು. ಗಮನಿಸತಕ್ಕ ಅಂಶವೆಂದರೆ ಈ ದಾರಿಯ ದಿಕ್ಕು. ಹೆದ್ದಾರಿಯೂ ರೈಲೂ ಆಗ್ನೇಯದಿಂದ ವಾಯವ್ಯಕ್ಕೆ ಓಡುವುವು. ಅಡಕೆಯ ಹೇರು ಪಶ್ಚಿಮದಿಂದ ಪೂರ್ವಕ್ಕೆ ಅವನ್ನು ಅಡ್ಡಹಾಯುತ್ತಿದ್ದಿತು. ರೈಲಿಗೆ ಒಂದು ಶತಮಾನ ಮೊದಲೇ ಊರು ನಿಂತಿದ್ದುದು ಹೇರೆತ್ತಿನ ಬೆನ್ನಿನ ಮೇಲೆ. ಮುಂದೆ ಹತ್ತಿಯ ಗಿರಣಿಗಳಿಗೆ ರೈಲು ಆಧಾರವಾಯಿತೆಂಬುದು ನಿಜ. ಅದು ಬೆಳವಣಿಗೆಯ ಮಾತು, ಹುಟ್ಟಿನ ಮಾತಲ್ಲ.

ಸೇತುವೆಯ ಮಹತ್ತ್ವವನ್ನು ಇದರಿಂದ ಕಡಮೆಮಾಡಿದಂತಾಗದು. ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳು, ಮೂರೂವರೆ ಲಕ್ಷ ರೂಪಾಯಿಗಳಿಗೆ ಸಮೀಪವಾದ ವೆಚ್ಚ. ಆ ಕಾಲಕ್ಕೆ ಅದು ದೊಡ್ಡ ಕಾರ್ಯವೇ. ವಿನೋದವೆಂದರೆ, ಊರಿನಿಂದ ಎರಡು ಮೈಲಿ ದೂರದಲ್ಲಿದ್ದ ದಂಡು 1865ರಲ್ಲಿಯೇ ಹೊರಟುಹೋಗಿದ್ದಿತು. ಸೇತುವೆ ಮುಗಿಯುವ ವೇಳೆಗೆ ಅದನ್ನು ದಾಟಲು ಸಿಪಾಯಿಗಳಿರಲಿಲ್ಲ, ಗಾಡಿಗಳಿದ್ದುವು.

ಹರಿಹರಕ್ಕೆ ರೈಲು ಬಂದುದು ಡನ್‌ಲಪ್ಪನು ಗಾಳಿತುಂಬಿದ ಟೈರನ್ನು ರೂಢಿಗೆ ತಂದ ಮಾರನೆಯ ವರ್ಷ. ಆ ಶತಮಾನ ಮುಗಿಯುವುದರೊಳಗೆ ವರ್ಕ್‌ಮನ್ ದಂಪತಿಗಳು ಬೈಸಿಕಲ್ಲಿನ ಮೇಲೆ ಭರತಖಂಡವನ್ನು ಸುತ್ತಿ, ದೇವಾಲಯಗಳನ್ನು ಕುರಿತು 1904ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಶಿಲ್ಪವನ್ನು ನೋಡುವುದಕ್ಕೆ ಇದೊಂದು ತಕ್ಕ ವಾಹನವೆಂಬುದು ಅಂದೇ ಸಿದ್ಧವಾಯಿತು. ಸಂಸ್ಥಾನದ ಹಳ್ಳಿಗಳಲ್ಲಿ ಅದು ಬಹುಕಾಲ ಮೇಷ್ಟರ, ಪೋಸ್ಟಿನವನ, ಹಾಲಿನವನ ವಾಹನವಾಗಿದ್ದು, 2006–07ರಲ್ಲಿ ಸರ್ಕಾರವು ಶಾಲೆಯ ಮಕ್ಕಳಿಗೆ ಹಂಚತೊಡಗಿದ ಮೇಲೆ ಹೆಣ್ಣುಮಕ್ಕಳ ವಾಹನವೂ ಆಯಿತು. ನಾಡನ್ನು ಕಾಲ್ನಡಿಗೆಯಲ್ಲಿ ಸುತ್ತಿ 1957ರಲ್ಲಿ ಯಲವಾಲದ ಸಮ್ಮೇಳನಕ್ಕೆ ಕಾರಣರಾದ ವಿನೋಬಾ ಅವರ ಹೆಸರನ್ನು ಧರಿಸಿದ ಬಡಾವಣೆಯೊಂದು ದಾವಣಗೆರೆಯಲ್ಲಿದೆ. ಮೆಲ್ಲನೆ ಹೋಗುವವರ ಹೆಸರು ವೇಗದ ರಸ್ತೆಯ ಊರಿನಲ್ಲಿ ಹೀಗೆ ನಿಂತಿರುವುದು ಒಂದು ಸೊಗಸು.

ಅಗಲಗೊಂಡ ಹೆದ್ದಾರಿಯು ಈಗ ಊರುಗಳನ್ನು ಹೊರಗಿನಿಂದಲೇ ಬಳಸಿ ಹೋಗುವುದು. ಅದರ ಮೇಲೆ ಬೈಸಿಕಲ್ಲಿಗೆ ನೆಮ್ಮದಿಯಿಲ್ಲ. ಹಳೆಯ ಪುಣೆ–ಬೆಂಗಳೂರು ರಸ್ತೆಯಲ್ಲಿ ಬಾತಿಯ ಕೆರೆಯವರೆಗೆ ಬಂದ ಸವಾರನು ಬಲಕ್ಕೋ ಎಡಕ್ಕೋ ತಿರುಗಲೇಬೇಕಾಗುವುದು. ಬಲಕ್ಕೆ ತಿರುಗಿದರೆ ಕೊಂಡಜ್ಜಿಯ ಗುಡ್ಡದ ಕಡೆಗೆ, ಎಡಕ್ಕೆ ತಿರುಗಿದರೆ ಹರಿದ್ರೆಯ ಗದ್ದೆಗಳ ಕಡೆಗೆ.